ಮಾರ್ಕ್‌ನ ನೀಲಿ ಕುದುರೆಯನ್ನು ನಾನು ಬಿಡಿಸಿದ್ದು ಹೀಗೆ

ಜರ್ಮನ್ ಚಿತ್ರಕಾರ ಫ್ರಾನ್ಸ್ ಮಾರ್ಕ್‌ನ 'ನೀಲಿ ಕುದುರೆ 1' ನೋಡಿ ಪ್ರತಿ ಮಾಡ್ತೀನಿ ಅಂದಾಗ ಇಲ್ಲಿ ಮ್ಯೂನಿಕ್‌ನಲ್ಲಿ ನನ್ನ ಜೊತೆ ಚಿತ್ರ ಬಿಡಿಸುವವರೆಲ್ಲ ಬೇಡ ಅಂದರು. ಮೂಲ ಚಿತ್ರ ಇದೇ ಊರಿನ ಲೆನ್‌ಬಾಖ್‌ಹೌಸ್ ಮ್ಯೂಸಿಯಂನಲ್ಲಿದೆ, ನಿನ್ನದು ಪೋಸ್ಟರ್ ಥರ ಆಗುತ್ತೆ ಅಷ್ಟೇ ಅನ್ನೋದು ಅವರ ವಾದ. ಈಗ ಅವರೇ ಬಂದು ಆ ನೀಲಿಗೆ ಏನು ಬೆರೆಸಿದೆ ಅಂತ ಕೇಳುತ್ತಾರೆ.

ಮೊದಲ ಕ್ಯಾನ್ವಾಸ್‌ಗಳು ಪೂರ್ತಿ ಹಾಳಾದವು. ಪುಸ್ತಕದ ಫೋಟೋ ನೋಡಿ ಅಲ್ಟ್ರಾಮರೀನ್ ನೀಲಿ ಬಳಿದೆ, ನೆರಳಿಗೆ ಕಪ್ಪು ಸೇರಿಸಿದೆ, ಕುದುರೆ ಮಸಿಯಲ್ಲಿ ಅದ್ದಿ ತೆಗೆದ ಹಾಗಾಯಿತು. ಪ್ರಷ್ಯನ್ ನೀಲಿ ಹಾಕಿದರೆ ಹಸಿರಿಗೆ ತಿರುಗಿತು. ಒಳ್ಳೆಯ ಕೋಬಾಲ್ಟ್ ನೀಲಿ ಒಂದು ಸಣ್ಣ ಟ್ಯೂಬ್‌ಗೆ 20 ಯೂರೋ ಹತ್ತಿರ ಆಗುತ್ತದೆ. ಎದೆ, ಹೊಟ್ಟೆ ಮುಗಿಯುವಷ್ಟರಲ್ಲಿ ಟ್ಯೂಬ್ ಖಾಲಿ. ಬಟ್ಟೆ, ಚೌಕಟ್ಟು, ಬಣ್ಣ ಎಲ್ಲ ಸೇರಿ ಹಾಳಾಗಿ ಹೋದದ್ದೇ 300 ಯೂರೋ ಮೇಲಿರಬೇಕು. ಮಾರ್ಕ್‌ಗೆ ಬರ್ಲಿನ್‌ನ ಚಿತ್ರಸಂಗ್ರಾಹಕ ಬೆರ್ನ್‌ಹಾರ್ಡ್ ಕೋಲರ್ ಚಿತ್ರಗಳಿಗೆ ಬದಲಾಗಿ ತಿಂಗಳಿಗೆ 200 ಮಾರ್ಕ್ (ಆಗಿನ ಜರ್ಮನ್ ನಾಣ್ಯ) ಕೊಡುತ್ತಿದ್ದ. ನನ್ನದೆಲ್ಲ ಸಂಬಳದ ದುಡ್ಡು.

ದಾರಿ ಸಿಕ್ಕಿದ್ದು ಬಣ್ಣ ಬದಿಗಿಟ್ಟ ಮೇಲೆ. ಮಾರ್ಕ್ ಹೊಟ್ಟೆಪಾಡಿಗೆ ಪ್ರಾಣಿಗಳ ಅಂಗರಚನೆ ಪಾಠ ಮಾಡುತ್ತಿದ್ದ ಮನುಷ್ಯ. 1910ರಲ್ಲಿ ಮ್ಯೂನಿಕ್ ಬಿಟ್ಟು ಸಿಂಡೆಲ್ಸ್‌ಡಾರ್ಫ್ ಹಳ್ಳಿಗೆ ಹೋದವನು. ಕುದುರೆಯ ಮೂಳೆ, ಸ್ನಾಯು ಕೈಗೆ ಕೂತಿದ್ದರಿಂದಲೇ ಬಿಡಬೇಕಾದ್ದನ್ನೆಲ್ಲ ಬಿಟ್ಟು ಒಂದು ಬಾಗಿದ ಗೆರೆಯಲ್ಲಿ ಕುತ್ತಿಗೆ ಮುಗಿಸುತ್ತಿದ್ದ. ಒಂದು ಚಳಿಗಾಲ ಪೂರ್ತಿ, ರಜೆ ಸಿಕ್ಕಾಗಲೆಲ್ಲ ಅದೇ ಕಡೆಯ ಲಾಯಗಳಿಗೆ ಹೋಗಿ ಚಾರ್ಕೋಲ್‌ನಲ್ಲಿ ಕುದುರೆಗಳನ್ನು ಬರೆದೆ. ಫೋಟೋ ತೆಗೆಯಲೇ ಇಲ್ಲ. ಕೈಗೆ ಗೆರೆ ಬಂತು. ಇದನ್ನು ಬಿಟ್ಟು ಸುಮ್ನೆ ಬಣ್ಣದ ಹಿಂದೆ ಬೀಳುವವರೇ ಜಾಸ್ತಿ.

ಆಮೇಲೆ ನೀಲಿ. 1910ರ ಡಿಸೆಂಬರ್‌ನಲ್ಲಿ ಚಿತ್ರಕಾರ ಗೆಳೆಯ ಔಗುಸ್ಟ್ ಮಾಕೆಗೆ ಬರೆದ ಪತ್ರದಲ್ಲಿ ಮಾರ್ಕ್ ಹೇಳುವ ಪ್ರಕಾರ ನೀಲಿ ಗಂಡು, ಹಳದಿ ಹೆಣ್ಣು, ಕೆಂಪು ಭಾರವಾದ ಜಡ ವಸ್ತು. ಎಲ್ಲರಿಗೂ ಗೊತ್ತಿರುವ ಮಾತೇ. ಆದರೆ ಮೂಲ ಚಿತ್ರದ ಮುಂದೆ ನಿಂತು ಕುದುರೆಯನ್ನು ಬಿಟ್ಟು ಅದರ ಸುತ್ತ ನೋಡಿ. ಕಾಲಡಿಯ ಕೆಂಪು, ಎಲೆಗಳ ಹಸಿರು, ಹಿಂದಿನ ಗುಡ್ಡದ ಹಳದಿ ಇವೆಲ್ಲ ಸೇರಿ ಆ ನೀಲಿಯನ್ನು ಹಿಡಿದು ನಿಲ್ಲಿಸಿವೆ. ಎದೆಯ ಹತ್ತಿರವಂತೂ ನೀಲಿ ಬೆಳ್ಳಗಾಗಿಬಿಟ್ಟಿದೆ. ಹಾಗಾಗಿ ನಾನು ಮೊದಲು ಸುತ್ತಲಿನ ಬಣ್ಣ ಮುಗಿಸಿ ಕುದುರೆಯ ಜಾಗವನ್ನು ಖಾಲಿ ಬಿಟ್ಟೆ. ಕಪ್ಪು ಟ್ಯೂಬ್ ಮುಟ್ಟಲಿಲ್ಲ. ಜೂಲಿನ ಗಾಢ ನೀಲಿಗೆ ಒಂದು ಕೆಂಪು ಬೆರೆಸಿದೆ, ಅದು ಯಾವ ಕೆಂಪು, ಎಷ್ಟು ಅನ್ನೋದನ್ನು ಇಲ್ಲಿ ಬರೆಯಲ್ಲ. ಖಾಲಿ ಜಾಗಕ್ಕೆ ಕೊಟ್ಟ ಅಡಿ ಬಣ್ಣವೂ ನನ್ನಲ್ಲೇ ಇರಲಿ.

ಮಾರ್ಕ್ ತನ್ನ ನಾಯಿ ರೂಸ್ಸಿ ಹಿಮದಲ್ಲಿ ಮಲಗಿರುವ ಚಿತ್ರ ಮಾಡುವಾಗ ಪ್ರಿಸಂ ಹಿಡಿದು ಬಣ್ಣ ಪರೀಕ್ಷಿಸಿದ್ದ. ನಾನೂ 10 ಯೂರೋ ಚಿಲ್ಲರೆಗೆ ಒಂದು ಪ್ರಿಸಂ ತಂದೆ. ಅದರಲ್ಲಿ ನನ್ನ ಕ್ಯಾನ್ವಾಸ್ ನೋಡಿದರೆ ಅಂಚುಗಳಲ್ಲಿ ಬಣ್ಣದ ಪಟ್ಟಿ ಏಳುತ್ತಿತ್ತು, ಕೆಲವು ಕಡೆ ತುಂಬ ಜೋರಾಗಿ. ಅಂಥ ಕಡೆ ಬಣ್ಣ ತಿದ್ದಿದೆ, ಕಣ್ಣಿಗೆ ತಕ್ಷಣ ಹಿತವಾಯಿತು. ಅದರಿಂದ ಉಪಯೋಗವಿಲ್ಲ ಅನ್ನುವವರು ಒಮ್ಮೆ ಮಾಡಿ ನೋಡಲಿ.

ಮಧ್ಯೆ ಇನ್ನೊಂದು ಪ್ರಯೋಗವೂ ಆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಾರ್ಕ್‌ನ ಚಿತ್ರ 'ಪ್ರಾಣಿಗಳ ವಿಧಿ' 1913ರದ್ದು. ಮಾರ್ಕ್ ಮೊದಲ ಮಹಾಯುದ್ಧದಲ್ಲಿ ವೆರ್ಡೂನ್‌ನಲ್ಲಿ ಸತ್ತ 1916ರಲ್ಲೇ ಅದರ ಬಲಭಾಗ ಬೆಂಕಿಗೆ ಸಿಕ್ಕಿತು, 1919ರಲ್ಲಿ ಅವನ ಗೆಳೆಯ, ಚಿತ್ರಕಾರ ಪೌಲ್ ಕ್ಲೀ ಸರಿಮಾಡಿದ. ಆ ಭಾಗವನ್ನು ಮಾತ್ರ ಕಂದು ಛಾಯೆಯಲ್ಲೇ ಬಿಟ್ಟ. ಅದೇ ಥರ ಹಾಳಾದ ಕ್ಯಾನ್ವಾಸ್ ಒಂದರ ಮೇಲೆ ತೆಳು ಕಂದು ಎಳೆದು ನೋಡಿದೆ. ಕೆಳಗಿನ ಗೆರೆಗಳು ಇನ್ನೂ ಚೆನ್ನಾಗಿ ಕಂಡವು. ಅದನ್ನು ಎಸೆದಿಲ್ಲ.

ಮೂಲ 112 ಸೆಂ.ಮೀ. ಎತ್ತರ, 84.5 ಸೆಂ.ಮೀ. ಅಗಲ. ನನ್ನದು ಸ್ವಲ್ಪ ಚಿಕ್ಕದು, ಹಿಂದೆ ಪ್ರತಿ ಅಂತ ಬರೆದು ನನ್ನ ಸಹಿ ಹಾಕಿದ್ದೇನೆ. ಒಬ್ಬರು 700 ಯೂರೋ ಕೊಡ್ತೀನಿ ಅಂದರು, ನಾನು ಚಿತ್ರ ಕೊಡಲಿಲ್ಲ. ಎರಡನೆಯ ಪ್ರತಿಯನ್ನು ಅದೇ ಬೆಲೆಗೆ ಮಾಡಿಕೊಟ್ಟೆ, ಹಾಳಾಗಿದ್ದ ದುಡ್ಡೆಲ್ಲ ವಾಪಸ್ ಬಂತು. ಈಗ ಮಾರ್ಕ್‌ನ 'ನೀಲಿ ಕುದುರೆಗಳ ಗೋಪುರ' ಕೈಗೆತ್ತಿಕೊಂಡಿದ್ದೇನೆ. ನಾಜಿಗಳು ವಶಪಡಿಸಿಕೊಂಡ ಆ ಚಿತ್ರ 1945ರಿಂದ ಕಾಣೆಯಾಗಿದೆ, ಹೋಗಿ ನೋಡೋಕೆ ಮೂಲವೇ ಇಲ್ಲ. ಎರಡು ಮೀಟರ್ ಎತ್ತರದ ಚೌಕಟ್ಟಿಗೆ ಮರ ತಂದಾಗಿದೆ.