ಸ್ಟೂಡೆಂಟ್ ಥ್ರಿಲ್ಲರ್ ಓಪನಿಂಗ್‌ಗೆ ನಾನು ಫೀಡ್‌ಬ್ಯಾಕ್ ಕೊಟ್ಟಿದ್ದು ಹೀಗೆ

ಎಡಿಟಿಂಗ್ ಪಾಠ ಮಾಡೋ ನನಗೆ ಸೆಮಿಸ್ಟರ್ ಕೊನೇಲಿ ಥ್ರಿಲ್ಲರ್ ಓಪನಿಂಗ್‌ಗಳದ್ದೇ ಸುಗ್ಗಿ. ಎರಡು ನಿಮಿಷದ ಅಸೈನ್‌ಮೆಂಟು, ಬಹಳಷ್ಟು ಹುಡುಗ್ರು ತಲೆಗೆ ಟೋಪಿ ಇರೋ ಕಪ್ಪು ಜಾಕೆಟ್, ಚಾಕು ಕ್ಲೋಸಪ್, ತೊಟ್ಟಿಕ್ಕೋ ನಲ್ಲಿ ಇಷ್ಟರಲ್ಲೇ ಮುಗಿಸ್ತಾರೆ. ಈ ಸಲ ಒಬ್ಬ ಬೇರೆ ಥರ ತಂದಿದ್ದ. ರಾತ್ರಿ ಒಂದು ಹುಡುಗಿ ಪಿಜಿ ಮೆಟ್ಟಿಲು ಹತ್ತಿ ಬರ್ತಾಳೆ, ಬೀಗ ತೆಗೀತಾಳೆ, ಖಾಲಿ ರೂಮಲ್ಲಿ ಮಂಚದ ಮೇಲೆ ಯಾರದ್ದೋ ಫೋನ್ ರಿಂಗ್ ಆಗ್ತಿರತ್ತೆ, ಕಟ್, ಟೈಟಲ್. ಐಡಿಯಾ ಸೂಪರ್, ಆದ್ರೆ ನೋಡಿದ್ರೆ ಭಯಾನೇ ಆಗ್ಲಿಲ್ಲ.

ನಾನು ಮೊದಲನೇ ಸಲ ಎಲ್ಲೂ ನಿಲ್ಲಿಸ್ದೆ, ಏನೂ ಬರ್ಕೊಳ್ದೆ ಸುಮ್ನೆ ನೋಡ್ತೀನಿ. ಆಮೇಲೆ ಮ್ಯೂಟ್ ಮಾಡಿ ಒಂದ್ಸಲ, ಸ್ಕ್ರೀನ್ ಕಡೆ ಬೆನ್ನು ಹಾಕಿ ಬರೀ ಸೌಂಡ್ ಒಂದ್ಸಲ. ಇವನದ್ದು ಮ್ಯೂಟ್‌ನಲ್ಲೇ ಚೆನ್ನಾಗಿತ್ತು! ಸೌಂಡ್ ಹಾಕಿದ್ರೆ ಮೊದಲ ಫ್ರೇಮಿಂದಾನೇ ಧಡ್ ಧಡ್ ಮ್ಯೂಸಿಕ್, ಹುಡುಗಿ ಇನ್ನೂ ಗೇಟ್ ಹತ್ರ ಇರೋವಾಗ್ಲೇ ಏನೋ ಆಗತ್ತೆ ಅಂತ ಡಂಗುರ ಸಾರಿ ಆಗಿರತ್ತೆ, ಅಸಲಿ ಫೋನ್ ರಿಂಗ್ ಬಂದಾಗ ಅದು ಕಿವಿಗೆ ಬೀಳೋದೇ ಇಲ್ಲ.

ಬರೀ "ಮ್ಯೂಸಿಕ್ ತೆಗಿ" ಅಂದ್ರೆ ಯಾರೂ ತೆಗೆಯಲ್ಲ. ಅದಕ್ಕೆ 'ಟಚ್ ಆಫ್ ಈವಿಲ್' ಅನ್ನೋ ಹಳೇ ಹಾಲಿವುಡ್ ಥ್ರಿಲ್ಲರ್ ಓಪನಿಂಗ್‌ನ ಎರಡು ವರ್ಷನ್ ತೋರಿಸ್ದೆ. ಬಾಂಬ್‌ಗೆ ಟೈಮರ್ ತಿರುಗಿಸಿ ಕಾರಿನ ಡಿಕ್ಕಿಗೆ ಇಡ್ತಾರೆ, ಅದೂ ಸೇರಿ ಮೂರು ನಿಮಿಷದ ಮೇಲೆ ಒಂದೂ ಕಟ್ ಇಲ್ಲ. 1958ರ ರಿಲೀಸ್‌ನಲ್ಲಿ ಆ ಶಾಟ್ ಮೇಲೆ ಟೈಟಲ್ಸೂ ಇತ್ತು, ಹೆನ್ರಿ ಮ್ಯಾನ್ಸಿನಿ ಮ್ಯೂಸಿಕ್ಕೂ ಇತ್ತು. ಸ್ಟುಡಿಯೋ ಮಾಡಿದ ಕಟ್ ನೋಡಿ ಡೈರೆಕ್ಟರ್ ಆರ್ಸನ್ ವೆಲ್ಸ್ 58 ಪುಟದ ಮೆಮೋ ಬರೆದಿದ್ರು (ಅದೂ ಫೀಡ್‌ಬ್ಯಾಕೇ ಅಲ್ವಾ), 1998ರಲ್ಲಿ ಎಡಿಟರ್ ವಾಲ್ಟರ್ ಮರ್ಚ್ ಅದನ್ನಿಟ್ಕೊಂಡು ರೀಎಡಿಟ್ ಮಾಡಿ ಆ ಟೈಟಲ್ಸ್, ಮ್ಯೂಸಿಕ್ ಎರಡೂ ಎತ್ತಿ, ರಸ್ತೆ ಗದ್ದಲ, ಅಂಗಡಿ ಬಾರ್‌ಗಳಿಂದ ತೇಲಿ ಬರೋ ಹಾಡು, ಕಾರ್ ರೇಡಿಯೋ ಹಾಕಿದ್ರು. ಎರಡನೇದು ನೋಡಿದ್ಮೇಲೆ ಹುಡುಗ ಕೇಳ್ದ, "ಸರ್, ಹಂಗಾದ್ರೆ ನಮ್ ಪಿಜೀಲಿ ರಾತ್ರಿ ಏನೇನು ಕೇಳ್ಸತ್ತೆ?" ನಂಗೆ ಬೇಕಿದ್ದಿದ್ದೇ ಆ ಪ್ರಶ್ನೆ. ನೀರಿನ ಮೋಟರ್, ಯಾರದ್ದೋ ರೂಮಿನ ಸೀರಿಯಲ್, ಚಪ್ಪಲಿ ಸದ್ದು... ಅವನೇ ಹೋಗಿ ರೆಕಾರ್ಡ್ ಮಾಡ್ಕೊಂಡು ಬಂದ.

ಮಿಕ್ಕಿದ್ದಕ್ಕೆ ಟೈಮ್‌ಕೋಡ್ ಹಾಕಿ, ಅಲ್ಲಿ ನೋಡ್ತಾ ನಂಗೇನಾಯ್ತು ಅಂತ ಬರೀತೀನಿ, ಹೀಗೆ ಮಾಡು ಅಂತಲ್ಲ. "0:41, ಇವಳು ಹತ್ತುತಿದಾಳಾ ಇಳೀತಿದಾಳಾ ಗೊತ್ತಾಗ್ಲಿಲ್ಲ." ಮೆಟ್ಟಿಲು ತಿರುಗೋ ಕಡೆ ಅವಳು ತಿರುಗೋದನ್ನೇ ತೋರಿಸ್ದೆ ಕಟ್ ಮಾಡಿದ್ದ, ಎಡದಿಂದ ಬಲಕ್ಕೆ ಹೋಗ್ತಿದ್ದವಳು ಮುಂದಿನ ಶಾಟಲ್ಲಿ ಬಲದಿಂದ ಎಡಕ್ಕೆ. ಅದನ್ನ ಅವನೇ ಕಂಡುಹಿಡ್ದು ಮಧ್ಯೆ ಒಂದು ಶಾಟ್ ಹಾಕ್ದ.

ಟೆಕ್ನಿಕಲ್ ತಪ್ಪಿಗೆ ಮಾತ್ರ ಈ ನಾಜೂಕೆಲ್ಲಾ ಇಲ್ಲ, ನೇರ ಹೇಳಿಬಿಡ್ತೀನಿ. ಕಾರಿಡಾರ್ ಟ್ಯೂಬ್‌ಲೈಟ್ ಫ್ಲಿಕ್ಕರ್ ಹೊಡೀತಿತ್ತು, ಫೋನಲ್ಲಿ ಶಟರ್ ಸ್ಪೀಡ್ 1/60 ಸೆಕೆಂಡ್ ಇಟ್ಟಿದ್ದ. ನಮ್ ಕರೆಂಟ್ 50 ಹರ್ಟ್ಸ್ ಕಣೋ, ಟ್ಯೂಬ್‌ಲೈಟ್ ಅದರ ತಾಳಕ್ಕೇ ಮಿನುಗತ್ತೆ, ಶಟರ್ ಅದಕ್ಕೆ ಹೊಂದಬೇಕು, ಸೆಕೆಂಡಿಗೆ 25 ಫ್ರೇಮ್‌ಗೆ 1/50 ಲಾಕ್ ಮಾಡಿ ಆ ಶಾಟ್ ಮತ್ತೆ ತೆಗಿ, ಎಡಿಟಲ್ಲಿ ಒದ್ದಾಡಬೇಡ ಅಂದೆ.

ಫೋನ್ ಯಾರದ್ದು ಅಂತ ಹೇಳೋಕೆ ಫ್ಲ್ಯಾಶ್‌ಬ್ಯಾಕ್ ಹಾಕ್ಲಾ ಅಂತಿದ್ದ, ಅದಕ್ಕೆ ಮಾತ್ರ ಖಡಾಖಂಡಿತ ಬೇಡ ಅಂದೆ. ಶುರೂಲಿದ್ದ ಡ್ರೋನ್ ಶಾಟ್ ಯಾಕಿದೆ ಅಂತ ನಂಗಿನ್ನೂ ಅರ್ಥ ಆಗಿಲ್ಲ, ಅವನು ಬಿಡ್ಲೂ ಇಲ್ಲ. ಬಾಡಿಗೆ ಕೊಟ್ಟು ತೆಗ್ದಿದೀನಿ ಸರ್ ಅಂದ.