ಬೆಳಗಿನ ನಾಲ್ಕಕ್ಕೆ ಎಬ್ಬಿಸು

ಕೆಲವು ವರ್ಷಗಳ ಹಿಂದೆ ಗೋವಾದ ವಾಗಾತೋರ್‌ನ ಒಂದು ಟ್ರಾನ್ಸ್ ಪಾರ್ಟಿಯಲ್ಲಿ, ಅಂದರೆ ಯಂತ್ರದ ಸಂಗೀತಕ್ಕೆ ರಾತ್ರಿಯಿಡೀ ಕುಣಿಯೋ ಪಾರ್ಟಿಯಲ್ಲಿ, ಸ್ಪೀಕರ್ ಹತ್ತಿರ ಕಣ್ಣು ಮುಚ್ಚಿ ಕುಣಿಯುತ್ತಿದ್ದೆ. ಯಾರೋ ಭುಜ ಮುಟ್ಟಿದರು. ಇಪ್ಪತ್ತು ಇಪ್ಪತ್ತೆರಡರ ಹುಡುಗ, ಬೆಳಗಾವಿಯವನಂತೆ, ನಾವು ಕನ್ನಡ ಮಾತಾಡುವುದು ಕೇಳಿಸಿಕೊಂಡಿದ್ದ. 'ಕಾಕಾ, ಕುರ್ಚಿ ತರಲೇನ್ರೀ?' ಅಂದ. ಪಾಪ, ಒಳ್ಳೇ ಮನಸ್ಸಿನಿಂದಲೇ ಕೇಳಿದ್ದು. 'ಬ್ಯಾಡಪಾ' ಅಂದೆ. ಹತ್ತು ನಿಮಿಷ ಬಿಟ್ಟು ನಾನೇ ಹೋಗಿ ಕುರ್ಚಿ ಹುಡುಕಿದೆ.

ನನಗೀಗ 51. ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇದೆ. ಮೊದಲ ಸಲ ಗೋವಾಕ್ಕೆ ಪಾರ್ಟಿಗೆ ಹೋಗಿದ್ದು 1998ರಲ್ಲಿ. ಹುಬ್ಬಳ್ಳಿಯಿಂದ ಪಣಜಿ ಬಸ್ಸು, ಅಲ್ಲಿಂದ ಮಾಪ್ಸಾ, ಮಾಪ್ಸಾದಿಂದ ಪೈಲಟ್ ಬೈಕಿನ (ಗೋವಾದ ಬಾಡಿಗೆ ಬೈಕು) ಹಿಂದೆ ಕೂತು ಅಂಜುನಾ. ಮನೆಯಲ್ಲಿ ಪ್ರತಿ ಸಲ ಲೋಂಡಾದಲ್ಲಿ ಗೆಳೆಯನ ಮದುವೆ ಅಂತ ಹೇಳುತ್ತಿದ್ದೆ. ಮೂರನೇ ವರ್ಷಕ್ಕೆ ಅವ್ವ ಕೇಳಿದಳು: 'ಲೋಂಡಾದಾಗ ಇನ್ನೂ ಎಷ್ಟ ಹುಡುಗೂರು ಉಳದಾರಪಾ ಮದಿವಿಗೆ?'

ಆಗ ಇಡೀ ರಾತ್ರಿ ನಿಂತೇ ಇರುತ್ತಿದ್ದೆ. ಬೆಳಿಗ್ಗೆ ಬಸ್ಸಿನಲ್ಲಿ ಕಿಟಕಿಗೆ ತಲೆ ಬಡಿಯುತ್ತಾ ನಿದ್ದೆ, ಮಧ್ಯಾಹ್ನಕ್ಕೆ ಅಂಗಡಿ. ನಲವತ್ತರ ತನಕ ಇದು ನಡೆಯಿತು. ಆಮೇಲೆ ಒಂದು ರಾತ್ರಿ ನಿದ್ದೆಗೆಟ್ಟರೆ ನಾಲ್ಕು ದಿನ ಗಿರಾಕಿಗಳ ಮೇಲೆ ಸಿಡಿಮಿಡಿ. ಬಿಟ್ಟುಬಿಡೋಣ ಅಂತಲೂ ಅಂದುಕೊಂಡೆ. ನಾವು ಆರು ಜನ ಗೆಳೆಯರು. ಇಬ್ಬರು ಬಿಟ್ಟೇಬಿಟ್ಟರು, ಒಬ್ಬನನ್ನು 2021ರಲ್ಲಿ ಕೋವಿಡ್ ಒಯ್ಯಿತು.

ಬಿಡದೆ ಇರೋದಕ್ಕೆ ಕಾರಣ ನಮ್ಮ ಅಜ್ಜ. ಅವರಿಗೆ ಟ್ರಾನ್ಸ್ ಮ್ಯೂಸಿಕ್ ಅಂದರೆ ಏನಂತಲೂ ಗೊತ್ತಿರಲಿಲ್ಲ. ಆದರೆ ಕುಂದಗೋಳದ ನಾಡಿಗೇರ ವಾಡೆಯಲ್ಲಿ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಪುಣ್ಯತಿಥಿಗೆ ರಾತ್ರಿಯಿಡೀ ಗಾಯನ ಇರುತ್ತದಲ್ಲ, ಅದನ್ನು ತಪ್ಪಿಸುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೂ ಹೋಗುತ್ತಿದ್ದರು. ಸಣ್ಣವನಿದ್ದಾಗ ನನ್ನನ್ನೂ ಕರೆದೊಯ್ದಿದ್ದರು. ಊಟ ಆದಮೇಲೆ ಸ್ವಲ್ಪ ಹೊತ್ತು ಕೇಳಿ, ಕಂಬಕ್ಕೆ ಬೆನ್ನು ಕೊಟ್ಟು, ಟೊಪ್ಪಿಗೆ ಮುಖದ ಮೇಲೆ ಎಳೆದುಕೊಂಡು ಮಲಗಿಬಿಡುತ್ತಿದ್ದರು. ಮಲಗುವ ಮುಂಚೆ ನನಗೊಂದು ಮಾತು: 'ನಾಕಕ್ಕ ಎಬ್ಬಸು.' ಎಬ್ಬಿಸಿದರೆ ಈಗಷ್ಟೇ ಸ್ನಾನ ಮಾಡಿ ಬಂದವರ ಹಾಗೆ ಕೂತು ಕೊನೆಯ ಭೈರವಿ ರಾಗ ಮುಗಿಯೋ ತನಕ ಕೇಳುತ್ತಿದ್ದರು. ಸುತ್ತ ಇದ್ದ ಮುದುಕರೆಲ್ಲ ಹಾಗೆಯೇ. ಯಾರಿಗೂ ಇಡೀ ರಾತ್ರಿ ಎಚ್ಚರ ಇರಬೇಕು ಅನ್ನೋ ಹಟ ಇರಲಿಲ್ಲ. ತಮಗೆ ಬೇಕಾದ ಹೊತ್ತು ಯಾವುದು ಅಂತ ಗೊತ್ತಿತ್ತು, ಅಷ್ಟೇ.

ಗೋವಾ ಟ್ರಾನ್ಸ್ ಕೂಡ ಹೀಗೇ. ನಡುರಾತ್ರಿಯಲ್ಲಿ ಹಾಕೋದು ಬಿರುಸಾದ, ಕತ್ತಲೆ ಕತ್ತಲೆ ಅನ್ನಿಸೋ ಸಂಗೀತ. ಹೊತ್ತು ಹುಟ್ಟುವಾಗ ಹಾಕೋದು ರಾಗದ ಎಳೆ ಜಾಸ್ತಿ ಇರೋದು. ಹೊತ್ತಿಗೆ ತಕ್ಕ ರಾಗ ಅನ್ನೋದನ್ನ ನಮ್ಮ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ ಅಲ್ವಾ? ನನಗೆ ಮೊದಲಿನಿಂದಲೂ ಇಷ್ಟ ಆಗಿದ್ದು ಆ ಬೆಳಗಿನದ್ದೇ. ಉಳಿದ ಏಳು ತಾಸು ನಾನು ಸುಮ್ನೆ ಕಾಯುತ್ತಿದ್ದೆ. ಇದು ಹೊಳೆಯೋದಕ್ಕೆ ಹದಿನೈದು ವರ್ಷ ಬೇಕಾಯಿತು.

ಹಾಗಾಗಿ ಕುರ್ಚಿ ಪ್ರಸಂಗದ ಮಾರನೇ ವರ್ಷದಿಂದ ಹೀಗೆ ಮಾಡಿದೆ. ಸಂಜೆ ಏಳಕ್ಕೆ ಅನ್ನ ಸಾರು, ಎಂಟಕ್ಕೆ ರೂಮಿನಲ್ಲಿ ನಿದ್ದೆ, ಮೂರೂವರೆಗೆ ಅಲಾರಂ. ಚಹಾ ಕುಡಿದು, ಮುಖ ತೊಳೆದು, ನಾಲ್ಕಕ್ಕೆ ಒಳಗೆ. ಹುಡುಗರೆಲ್ಲ ಬಳಲಿ ಕೂತಿರುವ ಹೊತ್ತಿಗೆ ನಾನು ತಾಜಾ. ಕುಡಿತದ ವಿಷಯ ಹೇಳೋದಾದರೆ, ಬಿಪಿ ಗುಳಿಗೆ ಶುರುವಾದ ದಿನದಿಂದ ಲಿಂಬು ಸೋಡಾ ಮಾತ್ರ.

ಕಿವಿಯ ಕತೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದರಲ್ಲಿ ನಾನು ದಡ್ಡತನ ಮಾಡಿದ್ದೇನೆ. 43ನೇ ವಯಸ್ಸಿನಲ್ಲಿ ಒಂದು ಪಾರ್ಟಿಯಿಂದ ಬಂದಮೇಲೆ ಕಿವಿಯಲ್ಲಿ ಕುಕ್ಕರ್ ಸೀಟಿ ಹೊಡೆಯೋ ಮುಂಚೆ ಬರುತ್ತಲ್ಲ, ಆ ಸುಂಯ್ ಅನ್ನೋ ಸದ್ದು ನಿಲ್ಲಲೇ ಇಲ್ಲ. ಮೊದಲೆಲ್ಲ ಒಂದು ದಿನಕ್ಕೆ ಹೋಗುತ್ತಿತ್ತು. ಕಿವಿ ಡಾಕ್ಟರ್ ಪರೀಕ್ಷೆ ಮಾಡಿ ಕಾಗದ ತೋರಿಸಿದರು. ಎಷ್ಟು ಕೇಳಿಸುತ್ತದೆ ಅನ್ನೋದರ ಗೆರೆ ಸಪಾಟಾಗಿ ಹೋಗುತ್ತಾ ಹೋಗುತ್ತಾ 4000 ಹರ್ಟ್ಸ್‌ನ ಕೀರಲು ಸದ್ದಿನ ಹತ್ತಿರ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಜೋರು ಸದ್ದಿಗೆ ಕಿವಿ ಕೆಟ್ಟವರಲ್ಲಿ ಹೆಚ್ಚಾಗಿ ಅಲ್ಲಿಯೇ ಹೀಗಾಗುತ್ತದಂತೆ. ಒಳಕಿವಿಯ ಸಣ್ಣ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟೋದಿಲ್ಲ. ಗೆಜ್ಜೆಯ ಹಾಗೆ ಚಿಲ್ ಚಿಲ್ ಅನ್ನೋ ಹೈ-ಹ್ಯಾಟ್ (ಡ್ರಮ್ಮಿನ ಜೋಡಿ ತಾಳ) ಸದ್ದು ಕಮ್ಮಿ ಕೇಳಿಸುತ್ತಿತ್ತು, ನಾನು ಸ್ಪೀಕರ್ ಸರಿ ಇಲ್ಲ ಅಂತ ಬೈಯುತ್ತಿದ್ದೆ.

ಲೆಕ್ಕ ಕೇಳಿದರೆ ಗಾಬರಿ ಆಗುತ್ತದೆ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ತಾಸು ತಡೆದುಕೊಳ್ಳಬಹುದು. ಅಲ್ಲಿಂದ 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ ಆಗುತ್ತಾ ಹೋಗಿ, 100 ಡೆಸಿಬಲ್‌ಗೆ ಬರೀ 15 ನಿಮಿಷ. ನಾನು ರಾತ್ರಿಯೆಲ್ಲ ನಿಂತಿದ್ದೆ! (ನಮ್ಮೂರ ಗಣಪತಿ ಮೆರವಣಿಗೆಯ ಡಿಜೆ ಮುಂದೆ ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು ನಿಲ್ಲುವವರಿಗೂ ಇದೇ ಲೆಕ್ಕ.) ಹತ್ತಿ ತುರುಕಿಕೊಂಡರೆ ಉಪಯೋಗ ಇಲ್ಲ. ಮೆತ್ತನೆಯ ಸ್ಪಂಜಿನ ಬಿರಡೆ (ಇಯರ್ ಪ್ಲಗ್) ಕಿವಿ ಕಾಯುತ್ತದೆ, ಆದರೆ ಹಾಡು ಕೌದಿಯೊಳಗಿಂದ ಬಂದಂತೆ ಕೇಳಿಸುತ್ತದೆ. ಸಂಗೀತದವರು ಹಾಕುವ ಫಿಲ್ಟರ್ ಇರುವ ಬಿರಡೆ ತಗೊಳ್ಳಿ, ಅದು ಎಲ್ಲ ಸದ್ದನ್ನೂ ಸುಮಾರಾಗಿ ಒಂದೇ ಸಮ ತಗ್ಗಿಸುತ್ತದೆ. ದಾರ ಇರೋದೇ ತಗೊಳ್ಳಿ, ನನ್ನ ಮೊದಲ ಜೋಡಿಯಲ್ಲಿ ಒಂದು ಮರಳಿನ ಪಾಲಾಯಿತು. ಮಜಾ ಹೋಗುತ್ತೆ ಅನ್ನೋ ಹೆದರಿಕೆ ಬೇಡ. ಬ್ಯಾಹಟ್ಟಿಯವರ ಜಗ್ಗಲಗಿ ಎದುರು ನಿಂತವರಿಗೆ ಗೊತ್ತು, ಗಾಡಿ ಚಕ್ರದ ಬಳೆಗೆ ಎಮ್ಮೆ ತೊಗಲು ಬಿಗಿದ ಆ ವಾದ್ಯ ಕಿವಿಗಿಂತ ಮುಂಚೆ ಎದೆಗೆ ಕೇಳಿಸುತ್ತದೆ. ಬಾಸ್ ಕೂಡ ಹಾಗೇ ಬರುತ್ತದೆ, ಬಿರಡೆ ಅದನ್ನು ತಡೆಯೋದಿಲ್ಲ.

ಮೊಣಕಾಲಿಗೆ ಮಾಡಿದ್ದು ಇಷ್ಟೇ: ಜಿಗಿಯೋದು ಬಿಟ್ಟೆ, ಪಾದ ನೆಲ ಬಿಡದ ಹಾಗೆ ತೂಗುತ್ತೇನೆ.

ಆದರೆ ನಾಲ್ಕರ ಪ್ಲಾನು ಎರಡನೇ ವರ್ಷವೇ ಕೈಕೊಟ್ಟಿತು. ಚಂದ ಎದ್ದು ಹೋದರೆ ಗೇಟು ಬಂದ್, ಸ್ಪೀಕರ್ ಇಳಿಸುತ್ತಿದ್ದರು. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸ್ಪೀಕರ್ ಹಾಕುವಂತಿಲ್ಲ ಅನ್ನೋದು 2000ನೇ ಇಸವಿಯಿಂದಲೂ ಇರುವ ನಿಯಮ, ಆ ವರ್ಷ ಜೋರಾಗಿ ಹಿಡಿದಿದ್ದರು. ವಾಪಸ್ ಬರುವಾಗ ಅನಮೋಡ ಘಾಟಿನಲ್ಲಿ ಗೆಳೆಯ ಅಂದ: 'ಆರರ ಮ್ಯಾಲೆ ಹಾಕಬಹುದಲ್ಲಲೇ? ನಮಗ ಬೇಕಾಗಿದ್ದೂ ಅದ ಹೊತ್ತು.'

ಹೀಗಾಗಿ ಈಗ ವರ್ಷಕ್ಕೆ ಎರಡು ಸಲ, ಚಳಿಗಾಲದಲ್ಲಿ, ಕುಂದಗೋಳದ ಕಡೆ ನಮ್ಮ ಸಂಬಂಧಿಕರ ಹೊಲದಲ್ಲಿ ನಾವೇ ಮಾಡುತ್ತೇವೆ. ಪೊಲೀಸ್ ಠಾಣೆಯಿಂದ ಸ್ಪೀಕರ್ ಅನುಮತಿ ಮೊದಲೇ ತಗೋತೇವೆ. ಎರಡು ಸ್ಪೀಕರ್, ಒಂದು ಜನರೇಟರ್, ಹತ್ತು ಹದಿನೈದು ಜನ, ಅರ್ಧದಷ್ಟು ಐವತ್ತು ದಾಟಿದವರು. ಅಂಗಡಿಯ ಡೆಸಿಬಲ್ ಮೀಟರಿನಲ್ಲಿ ಅಳೆದು, ಕುಣಿಯೋ ಜಾಗದಲ್ಲಿ 85 ದಾಟದಂತೆ ಇಡುತ್ತೇನೆ. ಕರೆಕ್ಟಾಗಿ ಆರಕ್ಕೆ ಶುರು, ಒಂಬತ್ತಕ್ಕೆ ಉಪ್ಪಿಟ್ಟು.

ಮೊದಲ ವರ್ಷ ಶುರುವಾಗಿ ಕಾಲು ತಾಸಿಗೇ ಪಕ್ಕದ ಹೊಲದ ಹಿರಿಯರು ಬಂದರು. 'ಎಮ್ಮಿ ಬೆದರತೈತ್ರೀ, ಹಾಲ ಹಿಂಡೂದ ಆಗೂತನಕ ಬಂದ್ ಮಾಡ್ರಿ.' ಬಂದ್ ಮಾಡಿದೆವು. ಚಳಿಯಲ್ಲಿ ಕೈ ಕಟ್ಟಿಕೊಂಡು ಅರ್ಧ ತಾಸು ನಿಂತೆವು. ಹಾಲು ಹಿಂಡಿ ಅವರೇ ಒಂದು ಚರಿಗೆ ತುಂಬಾ ಹಾಲು ತಂದು ಕೊಟ್ಟರು, ಚಹಾಕ್ಕೆ. ನಾನು ಚರಣ್‌ಜಿತ್ ಸಿಂಗ್ ಅವರದ್ದು ಹಾಕಿದೆ. ಮುಂಬೈಯ ಸಿನಿಮಾ ಸಂಗೀತದವರು, 1982ರಲ್ಲಿ ರೋಲ್ಯಾಂಡ್ ಕಂಪನಿಯ 303 ಅನ್ನೋ ಬಾಸ್ ಯಂತ್ರ, 808 ಅನ್ನೋ ತಾಳದ ಯಂತ್ರ ಬಳಸಿ ರಾಗ ನುಡಿಸಿದವರು. ಗೋವಾದಲ್ಲಿ ನಾವು ಕೇಳಿದ್ದ ಸಂಗೀತದ ನೀರಿನ ಹನಿಯಂಥ ಆ ಸದ್ದು ಇದೇ 303ರದ್ದು.

ಹಿರಿಯರು ಬದುವಿನ ಮೇಲೆ ಕೂತರು. ಊರ ಗುಡಿಯಲ್ಲಿ ಭಜನೆಗೆ ಪೇಟಿ ಬಾರಿಸುವವರಂತೆ, ಆಮೇಲೆ ಗೊತ್ತಾಯಿತು. ಸ್ವಲ್ಪ ಹೊತ್ತು ತೊಡೆ ಮೇಲೆ ತಾಳ ಹಾಕಿದರು.

'ಇದು ಭೈರವ ಅಲ್ಲೇನು?' ಅಂದರು.

'ಹೌದ್ರೀ ಅಜ್ಜಾರ.'

'ರಾಗ ಬರೋಬರಿ ಐತಿ. ತಬಲಾದಾಂವಗ ಹೇಳ್ರಿ, ಒಂದ ಠೇಕಾ ಎಷ್ಟೊತ್ತು ಬಾರಸ್ತಾನ ಅಂವಾ.'