ಪೆಟ್ರೋಲ್ ಎಫ್-250ಗೆ ಕ್ಯಾಂಪರ್ ಕಟ್ಟಿ ಡಾನರ್ ಘಾಟಿ ಹತ್ತುವುದು: ನನ್ನ ಅನುಭವ

ಕ್ಯಾಂಪರ್ (ಒಳಗೇ ಉಳಿದುಕೊಳ್ಳಬಹುದಾದ ಪ್ರವಾಸದ ಟ್ರೇಲರ್) ಎಳೆಯಲು ಟ್ರಕ್ ಕೊಳ್ಳುವವರ ಕಣ್ಣೆಲ್ಲ ‘ಇಷ್ಟು ಸಾವಿರ ಪೌಂಡ್ ಎಳೆಯುತ್ತದೆ’ ಎಂಬ ಜಾಹೀರಾತಿನ ಅಂಕಿಯ ಮೇಲೆ. ನಾನು ಮೊದಲು ನೋಡಿದ್ದು ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿರುವ ಹಳದಿ ಚೀಟಿಯನ್ನು. ನನ್ನದು 7.3 ಲೀಟರ್ ಪೆಟ್ರೋಲ್ ವಿ8 ಇರುವ ಫೋರ್ಡ್ ಎಫ್-250. ಜನ, ಸಾಮಾನು ಎಲ್ಲ ಸೇರಿ 3,040 ಪೌಂಡ್ ಹೊರಬಹುದು ಅನ್ನುತ್ತದೆ ಆ ಚೀಟಿ. ಡೀಸೆಲ್ ಎಂಜಿನ್ ಆಗಿದ್ದರೆ ಅದರ ಹೆಚ್ಚುವರಿ ತೂಕವೇ ಇದರಲ್ಲಿ 500 ಪೌಂಡ್‌ಗೂ ಮಿಕ್ಕಿ ತಿನ್ನುತ್ತಿತ್ತು. ಬೆಲೆಯೂ ಸುಮಾರು 10,000 ಡಾಲರ್ ಜಾಸ್ತಿ. 8,000 ಪೌಂಡ್ ಒಳಗಿನ ಟ್ರೇಲರ್‌ಗೆ, ವರ್ಷದಲ್ಲಿ ಕೆಲವೇ ಪ್ರವಾಸಕ್ಕೆ, ಅದು ದಂಡ.

ಹೊಸ ಟ್ರಕ್ಕನ್ನು ಮೊದಲ 1,000 ಮೈಲಿ ಟ್ರೇಲರ್ ಇಲ್ಲದೆ ಓಡಿಸಿ ಅನ್ನುತ್ತದೆ ಕೈಪಿಡಿ. ಆಮೇಲೂ ಎಳೆಯುವ ಮೊದಲ 500 ಮೈಲಿ ಗಂಟೆಗೆ 70 ಮೈಲಿ ವೇಗ ಮೀರುವಂತಿಲ್ಲ, ಆಕ್ಸಿಲರೇಟರ್ ಪೂರ್ತಿ ತುಳಿದು ಹೊರಡುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಕಟ್ಟಿದರೆ ಮಿತಿ ಹೇಗೂ 55.

ತೂಕ ಊಹಿಸಬೇಡಿ, ಹಾಕಿಸಿ. ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್ ಒಂದೊಂದು ಆಕ್ಸಲ್‌ನ ತೂಕವನ್ನೂ ಬೇರೆಬೇರೆಯಾಗಿ ಕೊಡುತ್ತದೆ. ಮನೆಮಂದಿಯೆಲ್ಲ ಒಳಗೆ ಕೂತು, ಟ್ಯಾಂಕ್ ತುಂಬಿಸಿ, ಮೂರು ಸಲ ಹತ್ತಿಸಬೇಕು: ವೇಟ್ ಡಿಸ್ಟ್ರಿಬ್ಯೂಷನ್ ಹಿಚ್‌ನ (ಟ್ರೇಲರ್ ಭಾರವನ್ನು ಮುಂದಿನ ಆಕ್ಸಲ್‌ಗೂ ಹಂಚುವ ಕೊಂಡಿ) ಬಾರ್ ಬಿಗಿದು, ಬಾರ್ ಕಳಚಿ, ಕೊನೆಗೆ ಟ್ರಕ್ ಒಂದನ್ನೇ. ನನ್ನ ಟ್ರಕ್ ಒಂದೇ 8,060 ಪೌಂಡ್, ಅದರಲ್ಲಿ ಮುಂದಿನ ಆಕ್ಸಲ್ ಮೇಲೆ 4,360. ಬಾರ್ ಇಲ್ಲದೆ ಟ್ರೇಲರ್ ಕಟ್ಟಿದಾಗ ಟ್ರಕ್ಕಿನ ಎರಡು ಆಕ್ಸಲ್ ಸೇರಿ 9,040. ವ್ಯತ್ಯಾಸದ 980 ಪೌಂಡೇ ಹಿಚ್ ಮೇಲೆ ಕೂರುವ ಟಂಗ್ ವೇಟ್. 7,900 ಪೌಂಡಿನ ಟ್ರೇಲರ್‌ಗೆ ಶೇ. 12ರ ಮೇಲೆ ಸ್ವಲ್ಪ. 10ರಿಂದ 15ರೊಳಗೆ ಇರಬೇಕು. ಬಾರ್ ಇಲ್ಲದಾಗ ಮುಂದಿನ ಆಕ್ಸಲ್ 3,990ಕ್ಕೆ ಇಳಿದಿತ್ತು. ಬಾರ್ ಬಿಗಿದು 4,180ಕ್ಕೆ ತಂದೆ, ಅಂದರೆ ಹೋದದ್ದರಲ್ಲಿ ಅರ್ಧ. ಪೂರ್ತಿ ವಾಪಸ್ ತರಲು ಹೋದರೆ ಹಿಂದಿನ ಚಕ್ರಗಳ ಹಿಡಿತ ಕಮ್ಮಿಯಾಗುತ್ತದೆ.

ಟಂಗ್ ವೇಟ್ ಶೇ. 10ಕ್ಕಿಂತ ಇಳಿದರೆ, ಹಿಂಭಾರದ ಎತ್ತಿನಗಾಡಿಯಲ್ಲಿ ನೊಗ ಮೇಲೇಳುವ ಹಾಗೆ, ಟ್ರೇಲರ್‌ನ ಮೂತಿ ಹಗುರಾಗಿ ಬಾಲ ಆಡಲು ಶುರು. ಹೆಚ್ಚಿನವರು ಮರೆಯುವುದು ನೀರಿನ ಟ್ಯಾಂಕನ್ನು. 40 ಗ್ಯಾಲನ್ ನೀರೆಂದರೆ 330 ಪೌಂಡ್. ಟ್ಯಾಂಕ್ ಆಕ್ಸಲ್‌ನ ಹಿಂದಿದ್ದರೆ ತುಂಬಿದಷ್ಟೂ ಹಿಚ್ ಹಗುರ. ತುಂಬಿಸಿಕೊಂಡು ಹೋಗುವವರು ತುಂಬಿಸಿಯೇ ತೂಗಬೇಕು.

ಟ್ರೇಲರ್ ಬ್ರೇಕಿನ ಗೇನ್ (ಬ್ರೇಕ್ ಎಷ್ಟು ಬಲವಾಗಿ ಹಿಡಿಯಬೇಕೆಂಬ ಮಟ್ಟ) ಹೊಂದಿಸಲು ಖಾಲಿ ಜಾಗದಲ್ಲಿ 20–25 ಮೈಲಿ ವೇಗದಲ್ಲಿ ಕಂಟ್ರೋಲರ್‌ನ ಹಿಡಿ ಒತ್ತುತ್ತೇನೆ. ಚಕ್ರ ಕಚ್ಚಿ ನಿಂತರೆ ಗೇನ್ ಇಳಿಸು, ಬರೀ ಎಳೆದಂತಾದರೆ ಏರಿಸು. ಬ್ರೇಕ್ ಬಿಸಿಯಾದ ಮೇಲೆ ಇನ್ನೊಮ್ಮೆ ನೋಡಬೇಕು.

ಈಗ ಘಾಟಿ. ಸ್ಯಾಕ್ರಮೆಂಟೊ ಹೆಚ್ಚುಕಮ್ಮಿ ಸಮುದ್ರಮಟ್ಟ. ಅಲ್ಲಿಂದ ಪೂರ್ವಕ್ಕೆ ಹೋಗುವ ಐ-80 ಹೆದ್ದಾರಿಯ ಡಾನರ್ ಸಮ್ಮಿಟ್ 7,239 ಅಡಿ. ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಇಂಥ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ. 3 ಶಕ್ತಿ ಕಳೆದುಕೊಳ್ಳುತ್ತದೆ. 430 ಅಶ್ವಶಕ್ತಿ ತುದಿ ಮುಟ್ಟುವಾಗ 340ರ ಆಸುಪಾಸು. ಟೋ/ಹಾಲ್ ಮೋಡ್‌ನಲ್ಲಿ (ಭಾರ ಎಳೆಯುವಾಗ ಬಳಸುವ ಗೇರ್ ವ್ಯವಸ್ಥೆ) ಗೇರ್ ಇಳಿದು ಎಂಜಿನ್ 4,000 ಆರ್‌ಪಿಎಂ ದಾಟಿ ಅರಚಿದರೆ ಪಕ್ಕದಲ್ಲಿ ಕೂತವರು ಗಾಬರಿಯಾಗುತ್ತಾರೆ. ಆಗಲಿ ಬಿಡಿ. ಇದರ ಗರಿಷ್ಠ ಟಾರ್ಕ್ 4,000ಕ್ಕೆ, ಗರಿಷ್ಠ ಶಕ್ತಿ 5,500ಕ್ಕೆ. ಡೀಸೆಲ್‌ನಂತೆ 2,000ದಲ್ಲೇ ಎಳೆಯಲಿ ಎಂದು ಮೇಲಿನ ಗೇರಿಗೆ ಬಲವಂತ ಮಾಡಿದರೆ ಬಿಸಿ ಏರುತ್ತದೆ, ವೇಗ ಬೀಳುತ್ತದೆ. ಗಮನ ಕೂಲಂಟ್ ಮತ್ತು ಟ್ರಾನ್ಸ್‌ಮಿಷನ್ ಉಷ್ಣದ ಮೇಲಿರಲಿ, ಸದ್ದಿನ ಮೇಲಲ್ಲ.

ನಿಜವಾದ ಕೊರತೆ ಇಳಿಜಾರಿನಲ್ಲಿ. ಡೀಸೆಲ್‌ನ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ಎಂಜಿನ್‌ನಿಂದಲೇ ವೇಗ ತಗ್ಗಿಸುವ ಸಾಧನ) ಇದಕ್ಕಿಲ್ಲ. ಇಳಿಜಾರು ಶುರುವಾಗುವ ಮುಂಚೆಯೇ ವೇಗ ತಗ್ಗಿಸಿ ಕೆಳಗಿನ ಗೇರಿಗೆ ತರಬೇಕು. ವೇಗ ಏರಿದರೆ ಗಟ್ಟಿಯಾಗಿ ತುಳಿದು 10 ಮೈಲಿ ಇಳಿಸಿ, ಪೂರ್ತಿ ಬಿಡಬೇಕು. ಉದ್ದಕ್ಕೂ ಮೆತ್ತಗೆ ಕಾಲಿಟ್ಟುಕೊಂಡೇ ಇದ್ದರೆ ಬ್ರೇಕ್ ಕಾದು ಹಿಡಿಯುವುದೇ ಇಲ್ಲ.

ಮೈಲೇಜ್ ಗ್ಯಾಲನ್‌ಗೆ 8ರಿಂದ 10 ಮೈಲಿ. 34 ಗ್ಯಾಲನ್ ಟ್ಯಾಂಕಿದ್ದರೂ 220 ಮೈಲಿಗೊಮ್ಮೆ ಬಂಕ್ ಹುಡುಕುತ್ತೇನೆ, ಯಾಕೆಂದರೆ ಲಾರಿಗಳ ಅಗಲ ಲೇನಿನಲ್ಲಿ ಸಿಗುವುದು ಡೀಸೆಲ್ ಮಾತ್ರ. ಟ್ರಕ್, ಟ್ರೇಲರ್ ಸೇರಿ 50 ಅಡಿ ಮೀರಿದ ಗಾಡಿಗೆ ತುದಿಯ ಪಂಪೋ, ಆರ್‌ವಿ (ಪ್ರವಾಸದ ದೊಡ್ಡ ವಾಹನ) ಲೇನೋ ಬೇಕು. ಒಳಗೆ ಹೊಗುವ ಮೊದಲೇ ಹೊರಬರುವ ದಾರಿ ಉಪಗ್ರಹ ನಕ್ಷೆಯಲ್ಲಿ ನೋಡಿಕೊಳ್ಳಿ. ನಿಂತಾಗಲೆಲ್ಲ ಟ್ರೇಲರ್‌ನ ನಾಲ್ಕೂ ಹಬ್‌ಗಳ (ಚಕ್ರದ ನಡುಭಾಗ) ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಉಳಿದವಕ್ಕಿಂತ ಹೆಚ್ಚು ಕಾದಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಕಚ್ಚಿಕೊಂಡಿದೆ, ಅಲ್ಲಿಂದ ಮುಂದೆ ಎಳೆಯಬೇಡಿ.